ಬರದ ಗಾಡಿ ಬರದಿಲ್ಲ

ಶಿಗ್ಗಾಂವದ ಕೋರ್ಟಿನ ಎದುರು ವಕೀಲರಿಗೇನೂ ಬರಗಾಲವಿಲ್ಲ. ಯಾರ ಬೋರ್ಡು ದೊಡ್ಡದೋ ಅವರ ಮೆಟ್ಟಿಲನ್ನು ಜನ ಮೊದಲು ಹತ್ತುತ್ತಾರೆ. ಶ್ರೀವಿದ್ಯಾಳ ಬೋರ್ಡು ಝೆರಾಕ್ಸ್ ಅಂಗಡಿಯ ಬೋರ್ಡಿನ ಹಿಂದೆ ಅರ್ಧ ಅಡಗಿತ್ತು. ಆದರೂ ಆ ಮಂಗಳವಾರ ಬೆಳಿಗ್ಗೆ ಒಬ್ಬರು ಹುಡುಕಿಕೊಂಡು ಬಂದರು. ವಯಸ್ಸು ಅರವತ್ತು ದಾಟಿದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಒಂದು ಉದ್ದನೆಯ ರಿಜಿಸ್ಟರು. ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ನಮಸ್ಕಾರಕ್ಕೂ ಮೊದಲು ಗೋಡೆ ಗಡಿಯಾರ ನೋಡಿದರು.

"ನಿಮ್ಮ ಗಡಿಯಾರ ನಾಕ ಮಿನಿಟ್ ಮುಂದ ಐತ್ರಿ, ವಕೀಲ ಬಾಯಾರ."

ಶ್ರೀವಿದ್ಯಾ ಪೆನ್ನು ಕೆಳಗಿಟ್ಟಳು. ಮುಖದಿಂದ ಗುರುತು ಸಿಗುತ್ತಿರಲಿಲ್ಲವೇನೋ, ಆದರೆ ಈ ದನಿಯನ್ನು ಮರೆಯುವುದು ಸಾಧ್ಯವಿರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಅವಳು ಸವಣೂರಿನಿಂದ ದಿನಾ ಹುಬ್ಬಳ್ಳಿಗೆ ಹೋಗಿ ಕಾನೂನು ಓದುತ್ತಿದ್ದಾಗ, ಸವಣೂರು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕೇಳುತ್ತಿದ್ದ ದನಿ ಇದು. ಕೊನೆಯ ವರ್ಷದ ಪರೀಕ್ಷೆಯ ದಿನ ಆರೂವರೆಯ ಗಾಡಿ ಬರಲಿಲ್ಲ. ಬಾರದ ಗಾಡಿಯ ಬಗ್ಗೆ ಲೋಕದ ಯಾವ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: ಬರ್ತೈತಿ, ನಿಂದರ್ರಿ. ಅವತ್ತು ಮೈಕು ಮಾತ್ರ ಬೇರೆ ಮಾತಾಡಿತು. "ಹುಬ್ಬಳ್ಳಿ ಆರೂವರಿ ಗಾಡಿ ಇವತ್ತ ಬರಂಗಿಲ್ಲ. ತಪ್ಪು ನಮ್ಮದೈತಿ. ಪರೀಕ್ಷಾ ಇದ್ದವರು ಯಲವಿಗಿಗೆ ಹೋಗ್ರಿ, ರೈಲು ಸಿಗತೈತಿ. ಹೊರಗ ಟಂಟಂ ನಿಂತೈತಿ." ಅವಳು ಓಡಿಹೋಗಿ ಆ ಟಂಟಂ ರಿಕ್ಷಾ ಹತ್ತಿದಳು, ರೈಲು ಸಿಕ್ಕಿತು, ಪರೀಕ್ಷೆ ಬರೆದಳು. ಆ ದನಿಯೂ ಎಲ್ಲರಂತೆ 'ನಿಂದರ್ರಿ' ಅಂದಿದ್ದರೆ ಇವತ್ತು ಈ ಖುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಿದ್ದರು.

ಇದನ್ನೆಲ್ಲ ಅವಳು ಬಾಯಿ ಬಿಟ್ಟು ಹೇಳಲಿಲ್ಲ. "ಕೂಡ್ರಿ, ಏನು ಬಂದಿರಿ?" ಎಂದಳು.

ಅವರ ಹೆಸರು ಅಜ್ಜಪ್ಪ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿ ಮೂವತ್ತೆರಡು ವರ್ಷ ಸರ್ವಿಸು. ಸವಣೂರು, ಶಿಗ್ಗಾಂವ, ಹಿರೇಕೆರೂರು ಮೂರನ್ನೂ ಸುತ್ತಿ ಕೊನೆಗೆ ಹಾನಗಲ್ಲಿನಲ್ಲಿ ನಿವೃತ್ತರಾಗಿದ್ದರು. ನಿವೃತ್ತಿಯಾದವರು ಕಟ್ಟೆಗೆ ಕೂತು ಕಾಲ ಕಳೆಯುವುದು ವಾಡಿಕೆ. ಇವರು ಹಾನಗಲ್ಲಿನ ನುಜಹತಳ ಕಂಪ್ಯೂಟರ್ ಸೆಂಟರಿಗೆ ಹೋಗಿ 'ನಾಕೂರ ಗಾಡಿ' ಅಂತ ಒಂದು ವೆಬ್‌ಸೈಟ್ ಮಾಡಿಸಿಕೊಂಡರು. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕೂ ಊರಿನ ಬಸ್ ಸ್ಟ್ಯಾಂಡಿಗೆ ಫೋನ್ ಹಚ್ಚುವುದು, ಯಾವ ಗಾಡಿ ಬಿಟ್ಟಿದೆ, ಯಾವುದು ಕೆಟ್ಟು ನಿಂತಿದೆ, ಯಾವುದು ಇವತ್ತು ಇಲ್ಲವೇ ಇಲ್ಲ ಎಂದು ಕೇಳಿ ತಿಳಿದು ಅದರಲ್ಲಿ ಹಾಕುವುದು. ದಿನಕ್ಕೆ ಮೂರು ಸಲ ಇದೇ ಕೆಲಸ. ಶ್ರೀವಿದ್ಯಾ ದಿನಾ ಸವಣೂರಿನಿಂದ ಬರುವಾಗ ನೋಡುವುದೂ ಅದನ್ನೇ. ಅದರ ಹಿಂದೆ ಇರುವವರು ಇವರು ಎಂದು ಮಾತ್ರ ಗೊತ್ತಿರಲಿಲ್ಲ.

ವೆಬ್‌ಸೈಟಿಗೆ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು. ಅದಕ್ಕಾಗಿ ನುಜಹತ 'ತೋರಣ ಆ್ಯಡ್ಸ್' ಎಂಬ ದಿಲ್ಲಿಯ ಕಂಪನಿಯ ಜಾಹೀರಾತು ಹಾಕಿಕೊಟ್ಟಿದ್ದಳು. ಓದುವವರು ಜಾಹೀರಾತನ್ನು ಒತ್ತಿದರೆ ಒತ್ತಿಗಿಷ್ಟು ಅಂತ ದುಡ್ಡು. ಇಷ್ಟು ಅಂದರೆ ಎಷ್ಟು? ಒಮ್ಮೆ ನಲವತ್ತು ಪೈಸೆ, ಒಮ್ಮೆ ಅರವತ್ತು. ಕನ್ನಡದ ಪುಟಕ್ಕೆ ಅಷ್ಟೇ ಎಂದು ಕಂಪನಿಯ ಲೆಕ್ಕ. ಅದೂ ಐದು ಸಾವಿರ ತುಂಬುವ ತನಕ ಕೈಗೆ ಬರುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಾವಿರದ ಒಂಬೈನೂರ ಎಂಬತ್ತಾರು ಆಯಿತು. ಇನ್ನು ಹದಿನಾಲ್ಕೇ ರೂಪಾಯಿ ಬೇಕು ಎನ್ನುವಾಗ ಕಂಪನಿಯಿಂದ ಮೇಲ್ ಬಂತು: ನಿಮ್ಮ ಪುಟದಲ್ಲಿ ಮೋಸದ ಕ್ಲಿಕ್ ಕಂಡುಬಂದಿದೆ, ಖಾತೆ ಮುಚ್ಚಿದ್ದೇವೆ, ಹಣ ಜಪ್ತಾಗಿದೆ.

"ರೊಕ್ಕ ಬಿಡ್ರಿ," ಎಂದರು ಅಜ್ಜಪ್ಪ. "ಆ ರೊಕ್ಕಕ್ಕ ನಾ ಹಾನಗಲ್ಲಿಂದ ಗಾಡಿ ಖರ್ಚ ಹಾಕ್ಕೊಂಡ ಬರ್ತಿದ್ದಿಲ್ಲ. ಮೂವತ್ತೆರಡ ವರ್ಷದಾಗ ನನಗ ಒಂದ ಮೆಮೊ ಇಲ್ಲರಿ. ಈಗ ನನ್ನ ಹೆಸರಿನ ಮುಂದ ಮೋಸ ಅಂತ ಬರದಾರ. ಬ್ಯಾರೆ ಕಂಪನಿ ಕೇಳಿದ್ವಿ, ಅವರೂ ಅದನ್ನ ನೋಡಿ ಒಲ್ಲೆ ಅಂದ್ರು. ಬಾಡಿಗಿ ಎರಡ ವರ್ಷ ಪೆನ್ಶನ್‌ದಾಗ ಕಟ್ಟೇನಿ. ಇನ್ನ ಆಗಂಗಿಲ್ಲ. ಆದ್ರ ಪುಟ ಬಂದ್ ಆಗೂದಕ್ಕಿಂತ ಮೊದಲ ಆ ಮಾತ ತೆಗಸಬೇಕ್ರಿ."

ಶ್ರೀವಿದ್ಯಾ ಕಂಪನಿಯ ಒಪ್ಪಂದ ತೆರೆದಳು. ನಲವತ್ಮೂರು ಪುಟ. ಕೊನೆಯಲ್ಲಿ 'ಒಪ್ಪಿದ್ದೇನೆ' ಎಂಬ ಚೌಕದಲ್ಲಿ ನುಜಹತ ಕಣ್ಣು ಮುಚ್ಚಿ ಟಿಕ್ ಹಾಕಿದ್ದಳು. ಎಲ್ಲರೂ ಹಾಕುವುದು ಹಾಗೆಯೇ, ಅದನ್ನು ಬರೆಯುವವರು ನೆಚ್ಚಿಕೊಂಡಿರುವುದೂ ಅದನ್ನೇ. ಮೂವತ್ತೊಂದನೆಯ ಪುಟದಲ್ಲಿತ್ತು: ತಂಟೆಯೇನಿದ್ದರೂ ದಿಲ್ಲಿಯಲ್ಲಿ, ಕಂಪನಿ ಆರಿಸಿದ ಪಂಚರ ಮುಂದೆ, ಇಂಗ್ಲಿಷಿನಲ್ಲಿ.

ಪಕ್ಕದ ಕೋಣೆಯ ಹಿರಿಯ ವಕೀಲ ನರಸಿಂಹ ಅವರು ಇಣುಕಿ ಕೇಳಿಸಿಕೊಂಡರು. ಶ್ರೀವಿದ್ಯಾ ಕೆಲಸ ಕಲಿತದ್ದು ಅವರ ಹತ್ತಿರವೇ. "ಗ್ರಾಹಕರ ಕೋರ್ಟಿಗೆ ಹೋದ್ರ ನೀವು ಗಿರಾಕಿ ಅಲ್ಲ, ಮಾರೋವ್ರು ಅಂತಾರ. ಇಲ್ಲೇ ದಾವಾ ಹಾಕಿದ್ರ ದಿಲ್ಲಿಗೆ ಹೋಗು ಅಂತಾರ. ದಿಲ್ಲಿಗೆ ಹೋದ್ರ ರೈಲು ಖರ್ಚು ಐದು ಸಾವಿರ ದಾಟತದ," ಎಂದು ನಕ್ಕರು. "ಮನಿಗೆ ಹೋಗಿ ಆರಾಮ ಇರ್ರಿ, ಕಂಟ್ರೋಲರ ಸಾಹೇಬ್ರ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಶ್ರೀವಿದ್ಯಾಳಿಗೆ ಸಿಟ್ಟು ಬಂದದ್ದು ಅದಕ್ಕೇ. ಅಜ್ಜಪ್ಪ ಕಾಗದಗಳನ್ನು ಒಂದೊಂದಾಗಿ ರಿಜಿಸ್ಟರಿನೊಳಗೆ ಇಡತೊಡಗಿದರು. ಹಾಗೆ ಇಡುವಾಗ ಲ್ಯಾಮಿನೇಶನ್ ಮಾಡಿಸಿದ ಒಂದು ಹಾಳೆ ಜಾರಿ ನೆಲಕ್ಕೆ ಬಿತ್ತು.

"ಇದೇನ್ರಿ?" ಶ್ರೀವಿದ್ಯಾ ಅದನ್ನು ಎತ್ತಿಕೊಂಡು ಕೇಳಿದಳು.

"ಅದಾ? ಪರ್ಮಿಟ್ಟು."

"ಯಾತರ ಪರ್ಮಿಟ್ಟು?"

"ವೆಬ್‌ಸೈಟಿಂದು." ಅಜ್ಜಪ್ಪ ಗಂಭೀರವಾಗಿಯೇ ಹೇಳಿದರು. "ಪರ್ಮಿಟ್ ಇಲ್ಲದ ಗಾಡಿ ರೋಡಿಗೆ ಇಳಸಬಾರದರಿ. ಮೊದಲ ಪರ್ಮಿಟ್ ತಗಿ, ಆಮ್ಯಾಲ ವೆಬ್‌ಸೈಟ್ ಮಾಡು ಅಂತ ನುಜಹತಗ ಹೇಳಿದ್ನಿ. ವೆಬ್‌ಸೈಟಿಗೆ ಪರ್ಮಿಟ್ ಇರಂಗಿಲ್ಲ ಕಾಕಾ ಅಂತ ಆಕಿ ಎಷ್ಟ ಹೇಳಿದ್ರೂ ನಾ ಕೇಳಲಿಲ್ಲ. ನಾಕ ದಿನ ಕಾಡಿದ ಮ್ಯಾಲ, ತಗೋ, ಇದ ನಿನ್ನ ಪರ್ಮಿಟ್ ಅಂತ ಇದನ್ನ ತಗದ ಕೊಟ್ಟಳ್ರಿ. ಖರ್ಚ ಏನಿಲ್ಲ. ಲ್ಯಾಮಿನೇಶನ್‌ಗೆ ಅಷ್ಟ ಮೂವತ್ತ ರೂಪಾಯಿ."

ಬಾಗಿಲಲ್ಲೇ ನಿಂತಿದ್ದ ನರಸಿಂಹ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವೆಬ್‌ಸೈಟಿಗೆ ಪರ್ಮಿಟ್ಟು! ಇಷ್ಟು ವರ್ಷ ಬಸ್ಸಿನ ಪರ್ಮಿಟ್ ನೋಡಿದ ಮನುಷ್ಯನಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಇದು! ಶ್ರೀವಿದ್ಯಾಳಿಗೂ ನಗು ಬಂತು. ಆದರೆ ಹಾಳೆಯ ಮೇಲಿನ ಅಕ್ಷರ ಓದುತ್ತ ಓದುತ್ತ ಆ ನಗು ನಿಂತಿತು. ಅದು ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ನೋಂದಣಿ ಪತ್ರ. ತಾರೀಖು ನೋಡಿದಳು. ತೋರಣ ಕಂಪನಿಯ ಮೊದಲ ಜಾಹೀರಾತು ಬೀಳುವುದಕ್ಕೆ ಹನ್ನೆರಡು ದಿನ ಮೊದಲಿನದು.

"ಸರ," ಎಂದು ನರಸಿಂಹ ಅವರ ಕಡೆ ತಿರುಗಿದಳು, "ನಗೋದು ಬಿಡ್ರಿ. ಇದು ಇದ್ರ ದಿಲ್ಲಿಗೆ ಯಾಕ ಹೋಗಬೇಕು?"

ನರಸಿಂಹ ಅವರ ನಗುವೂ ನಿಂತಿತು. ಅವರು ಒಳಗೆ ಬಂದು ಕನ್ನಡಕ ಏರಿಸಿ ಹಾಳೆಯನ್ನು ಎರಡು ಸಲ ಓದಿದರು.

ಅಜ್ಜಪ್ಪನವರಿಗೆ ಶ್ರೀವಿದ್ಯಾ ಬಿಡಿಸಿ ಹೇಳಿದಳು. ನೋಂದಣಿಯಾದ ಸಣ್ಣ ಉದ್ಯಮದವರು ಯಾವುದಾದರೂ ಕಂಪನಿಗೆ ಸೇವೆ ಕೊಟ್ಟು ಆ ಕಂಪನಿ ದುಡ್ಡು ಕೊಡದಿದ್ದರೆ ದೂರು ಕೇಳುವುದಕ್ಕೆ ಸರಕಾರದ ಒಂದು ಮಂಡಳಿ ಇದೆ. ಸೇವೆ ಕೊಟ್ಟವರು ಎಲ್ಲಿದ್ದಾರೋ ಅಲ್ಲಿನ ಮಂಡಳಿಗೇ ಹೋಗಬಹುದು. ಒಪ್ಪಂದದಲ್ಲಿ ದಿಲ್ಲಿ ಅಂತ ಬರೆದಿದ್ದರೂ ಅದು ಇದಕ್ಕೆ ಅಡ್ಡ ಬರುವುದಿಲ್ಲ. ಆದರೆ ನೋಂದಣಿ ಮಾತ್ರ ಕೆಲಸಕ್ಕೆ ಮೊದಲೇ ಆಗಿರಬೇಕು. ಸಾವಿರಾರು ಜನ ವೆಬ್‌ಸೈಟ್ ನಡೆಸುತ್ತಾರೆ, ತಂಟೆ ಬಿದ್ದ ಮೇಲೆ ಇದಕ್ಕೆ ಓಡುತ್ತಾರೆ. ಮೊದಲೇ ಮಾಡಿಸಿಟ್ಟುಕೊಂಡವರನ್ನು ಅವಳು ಕಂಡದ್ದು ಇದೇ ಮೊದಲು.

"ಅಂದ್ರ ಪರ್ಮಿಟ್ ಬೇಕಿತ್ತ ಅಂದಂಗಾತು," ಎಂದರು ಅಜ್ಜಪ್ಪ. ಅವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

ದೂರು ಹೋಯಿತು. ಅಜ್ಜಪ್ಪನವರ ನಾಲ್ಕು ಮೇಲ್‌ಗಳಿಗೆ ಉಸಿರೆತ್ತದಿದ್ದ ಕಂಪನಿ ಮಂಡಳಿಯ ನೋಟಿಸು ತಲುಪಿದ್ದೇ ಇಪ್ಪತ್ತು ಪುಟದ ಉತ್ತರ ಕಳಿಸಿತು. ಅದರಲ್ಲಿ ಕೆಲಸಕ್ಕೆ ಬರುವ ಮಾತು ಒಂದೇ: ಸವಣೂರು ಬಸ್ ಸ್ಟ್ಯಾಂಡಿನಲ್ಲಿರುವ ಒಂದೇ ಒಂದು ಫೋನಿನಿಂದ ಎರಡು ಸಾವಿರದ ನೂರು ಸಲ ಜಾಹೀರಾತು ಒತ್ತಲಾಗಿದೆ. ಒಬ್ಬ ಮನುಷ್ಯ ಅಷ್ಟು ಒತ್ತುವುದುಂಟೆ? ಇದು ವೆಬ್‌ಸೈಟಿನವನೇ ಕೂಡಿಸಿದ ಆಳು.

ಅದನ್ನು ಓದಿದ ಸಂಜೆಯೇ ಶ್ರೀವಿದ್ಯಾ, ಅಜ್ಜಪ್ಪ ಇಬ್ಬರೂ ಸವಣೂರಿಗೆ ಹೋದರು. ಹುಡುಕುವ ಕಷ್ಟವೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ರಹಿಮಾಬಿಯ ಖಾರದ ಅಂಗಡಿ. ಖಾರದ ಡಬ್ಬಿಗಳ ನಡುವೆ ಒಂದು ಫೋನು, ಕಳುವಾಗದಂತೆ ಪ್ಲಾಸ್ಟಿಕ್ ದಾರದಿಂದ ಕಂಬಕ್ಕೆ ಕಟ್ಟಿತ್ತು. ಪರದೆಯ ಮೇಲೆ 'ನಾಕೂರ ಗಾಡಿ', ಅದರ ಕೆಳಗೆ ತೋರಣದ ಜಾಹೀರಾತು; ಖಾತೆ ಮುಚ್ಚಿದ ಕಂಪನಿ ದುಡ್ಡು ನಿಲ್ಲಿಸಿತ್ತೇ ಹೊರತು ಜಾಹೀರಾತು ನಿಲ್ಲಿಸಿರಲಿಲ್ಲ. ಬಂದವರೆಲ್ಲ ಬಗ್ಗಿ ಅದನ್ನೇ ನೋಡುತ್ತಿದ್ದರು. ಫೋನ್ ಇಲ್ಲದವರು, ಫೋನಿದ್ದೂ ಇಂಟರ್ನೆಟ್ ಇಲ್ಲದವರು, ಚಾರ್ಜು ಮುಗಿದವರು, ಎಲ್ಲರಿಗೂ ಅದೊಂದೇ.

ಶ್ರೀವಿದ್ಯಾಳಿಗೆ ಎದೆ ಹಗುರಾಯಿತು. ಒಂದೇ ಫೋನು ಅನ್ನುವುದು ನಿಜ, ಆದರೆ ಅದನ್ನು ಒತ್ತಿದವರು ನೂರಾರು ಮಂದಿ. ಕೇಸು ಗೆದ್ದಂತೆಯೇ ಎಂದುಕೊಳ್ಳುವಷ್ಟರಲ್ಲಿ, ಬ್ಯಾಡಗಿಯ ಗಾಡಿ ನೋಡಿ ಹೊರಟ ಒಬ್ಬ ಮುದುಕನನ್ನು ರಹಿಮಾಬಿ ಕೂಗಿ ಕರೆದಳು.

"ಏ ಯಜಮಾನ್ರ, ಪುಕಟ ನೋಡಿ ಹೊಂಟ್ರಲ್ಲಾ? ಕೆಳಗಿನ ಜಾಹೀರಾತ ಒಂದ ಸಲ ಒತ್ತಿ ಹೋಗ್ರಿ!"

ಮುದುಕ ನಾಚಿಕೊಂಡು ಹಿಂದೆ ಬಂದು, ಜಾಹೀರಾತಿನ ಕಡೆ ಕಣ್ಣು ಸಹ ಹಾಕದೆ, ಬೆರಳೊತ್ತಿ ಹೋದ.

ರಹಿಮಾಬಿ ಅಜ್ಜಪ್ಪನವರನ್ನು ಗುರುತು ಹಿಡಿದು ಮುಖ ಅರಳಿಸಿದಳು. "ಕಂಟ್ರೋಲರ್ ಸಾಹೇಬ್ರ! ನೋಡಿದ್ರ್ಯಾ? ಒಬ್ಬರನ್ನೂ ಬರೇ ಬಿಡಂಗಿಲ್ಲ ನಾ. ಒತ್ತಿದ್ರ ನಿಮಗ ನಾಕ ಕಾಸ ಬರತಾವಂತ ನುಜಹತ ಹೇಳಿದ್ಲು. ನೀವ ಬೆಳಗಾಮುಂಜಾನೆ ಎದ್ದ ಅಷ್ಟ ಮಾಡ್ತೀರಿ, ಮಂದಿ ಕೈ ಬೀಸ್ಕೊಂಡ ಹೋಗೂದು ಚಂದೇನ್ರಿ?"

ಅಜ್ಜಪ್ಪನವರ ಮುಖ ಬಿಳಿಚಿತು. ಆದರೆ ಬಾಯಿಂದ ಒಂದು ಕೆಟ್ಟ ಮಾತೂ ಬರಲಿಲ್ಲ. "ಭಾಳ ದೊಡ್ಡ ಮನಸು ನಿಂದು, ರಹಿಮಾಬಿ," ಎಂದು ಪಾವು ಕಿಲೋ ಖಾರ ಕಟ್ಟಿಸಿಕೊಂಡರು.

ಹೊರಗೆ ಬಂದ ಮೇಲೆ ಶ್ರೀವಿದ್ಯಾ ತಗ್ಗಿದ ದನಿಯಲ್ಲಿ ಹೇಳಿದಳು. "ಇದನ್ನ ನಾವು ಹೇಳಬೇಕಂತೇನಿಲ್ಲ, ಕಾಕಾ. ಮೋಸ ಆಗೇದ ಅಂದವ್ರು ಅವರು, ತೋರಿಸೋದೂ ಅವರ ಕೆಲಸ. ಬ್ಯಾರೆ ಬ್ಯಾರೆ ಮಂದಿ ಒತ್ಯಾರ ಅನ್ನೋದು ಖರೇನ ಅದ. ಅಷ್ಟು ಹೇಳಿ ಸುಮ್ಮನಿರೋಣು."

ಕಾನೂನಿನ ಪ್ರಕಾರ ಅವಳ ಮಾತು ನೆಟ್ಟಗೇ ಇತ್ತು. ಅಜ್ಜಪ್ಪ ತಿರುಗಿ ಆ ಅಂಗಡಿಯ ಕಡೆ ಒಮ್ಮೆ ನೋಡಿದರು. ಹಾನಗಲ್ಲಿನ ಗಾಡಿ ಬಂತು, ಹತ್ತಿ ಹೋದರು.

ವಿಚಾರಣೆ ಶ್ರೀವಿದ್ಯಾಳ ಕಚೇರಿಯಲ್ಲೇ, ಕಂಪ್ಯೂಟರಿನ ಮುಂದೆ. ಒಂದು ಚೌಕದಲ್ಲಿ ಮಂಡಳಿಯ ಅಧ್ಯಕ್ಷೆ, ಮೈಸೂರು ಕಡೆಯವರು. ಇನ್ನೊಂದರಲ್ಲಿ ಕಂಪನಿಯ ವಕೀಲ, ಕುತ್ತಿಗೆಗೆ ಟೈ, ಹಿಂದೆ ಪುಸ್ತಕದ ಕಪಾಟು. ಆತ ಒಂದೇ ಫೋನು, ಎರಡು ಸಾವಿರದ ನೂರು ಒತ್ತು ಎಂದು ಓದಿ ಮುಗಿಸಿದ. ಶ್ರೀವಿದ್ಯಾ ಬಸ್ ಸ್ಟ್ಯಾಂಡು, ದಾರ ಕಟ್ಟಿದ ಫೋನು, ಬಂದು ಹೋಗುವ ಮಂದಿ ಎಲ್ಲವನ್ನೂ ಚೆಂದವಾಗಿ ಮಂಡಿಸಿದಳು. ಅಧ್ಯಕ್ಷೆ ತಲೆಯಾಡಿಸುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು.

"ನಾ ಒಂದ ಮಾತ ಹೇಳಬೇಕ್ರಿ," ಎಂದು ಅಜ್ಜಪ್ಪ ಎದ್ದು ನಿಂತರು. ಶ್ರೀವಿದ್ಯಾ ಮೇಜಿನ ಕೆಳಗೆ ಅವರ ಅಂಗಿ ಜಗ್ಗಿದಳು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕಂಕುಳಿನ ರಿಜಿಸ್ಟರು ಬಿಚ್ಚಿದರು.

"ಹೋದ ವಾರ ಮೂರ ದಿನ ನಾ ಆ ಖಾರದ ಅಂಗಡಿ ಬಾಜೂಕ ಕುಂತಿದ್ನಿ. ಮೊದಲ ಗಾಡಿಯಿಂದ ಕಡೀ ಗಾಡಿತನಕ. ಒತ್ತಿದವರು ಐವತ್ತೆಂಟ ಮಂದಿ. ಅದರಾಗ ಹತ್ತೊಂಬತ್ತ ಮಂದಿ ಬೇಕಾಗೇ ಒತ್ಯಾರ. ಮೊಣಕಾಲ ಎಣ್ಣಿ ರೇಟ್ ಕೇಳಿದವರು ಆರು, ಹೊಲಿಗಿ ಮಷೀನ್ ನೋಡಿದವರು ನಾಕು, ನರ್ಸಿಂಗ್ ಕಾಲೇಜಿನ ನಂಬರ್ ಬರಕೊಂಡ ಹುಡಿಗ್ಯಾರು ಒಂಬತ್ತು. ಉಳಿದ ಮೂವತ್ತೊಂಬತ್ತ ಮಂದಿ ಮರ್ಯಾದಿಗೆ ಒತ್ಯಾರ. ಪುಕಟ ನೋಡಿ ಹೋಗಬ್ಯಾಡ್ರಿ ಅಂತ ಅಂಗಡಿಯಾಕಿ ಹೇಳ್ತಾಳ. ಆಕಿಗೆ ಮೋಸ ಅಂದ್ರ ಏನಂತ ಗೊತ್ತಿಲ್ರಿ, ಉಪಕಾರ ಅನ್ಕೊಂಡಾಳ. ಆದ್ರೂ ಅವು ಖರೆ ಅಲ್ಲ. ಆ ಫೋನಿನ ಲೆಕ್ಕದಾಗ ಮೂರರಾಗ ಎರಡ ಪಾಲ ತಗದ ಹಾಕ್ರಿ."

ಕಂಪನಿಯ ವಕೀಲನಿಗೆ ಯಾರೋ ಅದನ್ನು ಹಿಂದಿಯಲ್ಲಿ ಹೇಳುತ್ತಿದ್ದರು. ಆತನ ಮುಖದಲ್ಲಿ ನಗು ಮೂಡಿತು. ಶ್ರೀವಿದ್ಯಾ ತಲೆಗೆ ಕೈ ಹಚ್ಚಿಕೊಂಡಳು.

ಅಧ್ಯಕ್ಷೆ ಕನ್ನಡಕ ತೆಗೆದರು. "ಇದನ್ನ ನೀವಾಗೇ ಯಾಕೆ ಹೇಳ್ತಿದೀರಿ?"

"ಮೂವತ್ತೆರಡ ವರ್ಷ ಕಂಟ್ರೋಲರ್ ಇದ್ನಿ ಮೇಡಂ. ಬರದ ಗಾಡಿ ಬರದಿಲ್ಲ."

"ಬರದ ಗಾಡಿ ಹೇಗೂ ಬರಲ್ಲವಲ್ಲ?"

"ಬಾರದೇ ಇದ್ದ ಬಸ್ಸನ್ನು ಬಂತು ಅಂತ ರಿಜಿಸ್ಟರಿನಲ್ಲಿ ಬರೆದಿಲ್ಲ ಅಂತಿದ್ದಾರೆ, ಮೇಡಂ," ಎಂದಳು ಶ್ರೀವಿದ್ಯಾ.

"ಹೌದ್ರಿ," ಎಂದರು ಅಜ್ಜಪ್ಪ. "ಮ್ಯಾಲಿನವರು ಬರಿ ಅಂದಾಗೂ ಬರದಿಲ್ಲ. ಹಂಗ, ಬಂದ ಗಾಡಿ ಬಂದೇ ಇಲ್ಲ ಅಂತ ಬರಿಯಾಕ ಇವರಿಗೂ ನಾ ಬಿಡಂಗಿಲ್ಲ. ಬ್ಯಾರೆ ಫೋನಿನ ಎಂಟ ಸಾವಿರ ಒತ್ತು ಖರೆ ಅದಾವು. ಆ ಹತ್ತೊಂಬತ್ತೂ ಖರೆ ಅದಾವು."

ಅಧ್ಯಕ್ಷೆ ಕಂಪನಿಯ ವಕೀಲನ ಕಡೆ ತಿರುಗಿದರು. "ಇವರು ಮೂರು ದಿನ ಕೂತು ಎಣಿಸಿದ್ದಾರೆ. ಖಾತೆ ಮುಚ್ಚೋ ಮುಂಚೆ ನೀವು ಏನು ಎಣಿಸಿದ್ದೀರಿ, ತೋರಿಸಿ."

ಆತ ಕಾಗದ ತಿರುವಿದ. ಯಾರೋ ಒಳಗಿನಿಂದ ಪಿಸುಗುಟ್ಟಿದರು. ಯಂತ್ರ ತಾನಾಗಿ ಮುಚ್ಚುತ್ತದೆ, ಮನುಷ್ಯರು ನೋಡುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಒಡನೆ ಆತ ರಾಜಿಗಿಳಿದ: ಪೂರ್ತಿ ನಾಲ್ಕು ಸಾವಿರದ ಒಂಬೈನೂರ ಎಂಬತ್ತಾರು ಕೊಟ್ಟುಬಿಡುತ್ತೇವೆ, ದೂರು ಹಿಂದಕ್ಕೆ ತೆಗೆದುಕೊಳ್ಳಲಿ. ದಾಖಲೆಯಲ್ಲಿರುವ ಮಾತು ಮಾತ್ರ ಹಾಗೇ ಇರುತ್ತದೆ, ಅದು ಕಂಪನಿಯ ಒಳಗಿನ ವಿಷಯ.

ಶ್ರೀವಿದ್ಯಾ ಅಜ್ಜಪ್ಪನವರ ಮುಖ ನೋಡಿದಳು. ಈ ಸಲ ಅಂಗಿ ಜಗ್ಗಲಿಲ್ಲ.

"ಪೂರಾ ರೊಕ್ಕ ನನಗ ಬ್ಯಾಡ್ರಿ, ಅದು ನಂದಲ್ಲ," ಎಂದರು ಅಜ್ಜಪ್ಪ. "ನಂದೆಷ್ಟೈತಿ ಅಷ್ಟ ಕೊಡ್ರಿ. ಆ ಮಾತ ತಗೀರಿ. ಅದನ್ನ ತಗಿಯಂಗಿಲ್ಲಂದ್ರ ಒಂದ ಪೈಸಾನೂ ಒಲ್ಲೆ, ನಾ ಇಲ್ಲೇ ನಿಂದರ್ತೇನಿ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನರಸಿಂಹ ಅವರು ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತಿದ್ದರು. ಮೂವತ್ತೈದು ವರ್ಷದ ವಕೀಲಿಯಲ್ಲಿ ಹೆಚ್ಚು ಕೇಳಿದ ಕಕ್ಷಿದಾರರನ್ನು ಅವರು ಸಾವಿರ ಕಂಡಿದ್ದರು. ಕೊಡುತ್ತೇನೆಂದರೂ ಕಡಿಮೆ ಮಾಡಿಕೊಂಡವನನ್ನು ಕಂಡಿರಲಿಲ್ಲ.

ಮೂರು ವಾರಕ್ಕೆ ಪತ್ರ ಬಂತು. ಹಣ ಎಷ್ಟೆಂದು ಅಜ್ಜಪ್ಪ ನೋಡಲೇ ಇಲ್ಲ. ಎರಡನೆಯ ಸಾಲನ್ನು ಶ್ರೀವಿದ್ಯಾಳಿಂದ ಮೂರು ಸಲ ಓದಿಸಿಕೊಂಡರು: 'ಮೋಸ' ಎಂಬ ನಮೂದನ್ನು ತೆಗೆದುಹಾಕಲಾಗಿದೆ, ಖಾತೆ ಮತ್ತೆ ತೆರೆಯಲಾಗಿದೆ. ನಾಲ್ಕನೆಯ ಸಲ ತಾವೇ ಬೆರಳಿಟ್ಟು ನೋಡಿದರು. ಇಂಗ್ಲಿಷ್ ಅಷ್ಟು ಬಾರದು, ಆದರೂ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ಫೀ ಎಷ್ಟು ಎಂದು ಕೇಳಿದರು.

"ಫೀ ಮುಟ್ಟೇದ ಕಾಕಾ, ಇಪ್ಪತ್ತೊಂದ ವರ್ಷದ ಹಿಂದನ," ಎಂದಳು ಶ್ರೀವಿದ್ಯಾ. ಅವತ್ತಿನ ಪರೀಕ್ಷೆ, ಯಲವಿಗಿಯ ರೈಲು, ಎಲ್ಲವನ್ನೂ ಹೇಳಿದಳು.

ಅಜ್ಜಪ್ಪನವರಿಗೆ ಅದೇನೂ ನೆನಪಿರಲಿಲ್ಲ. "ಗಾಡಿ ಬರಲಿಲ್ಲಲ್ಲ, ಬರಂಗಿಲ್ಲ ಅಂತ ಹೇಳೇನಿ. ಅದರಾಗ ದೊಡ್ಡದೇನೈತ್ರಿ? ಟಿಕೆಟ್ ಇಲ್ಲದ ನಾ ಯಾವ ಗಾಡಿನೂ ಹತ್ತಿಲ್ಲ," ಎಂದು ಹಟ ಹಿಡಿದು ಐನೂರು ರೂಪಾಯಿ ಇಟ್ಟು ರಶೀದಿ ಬರೆಸಿಕೊಂಡೇ ಎದ್ದರು.

ಅಂದೇ ಸಂಜೆ ಸವಣೂರು ಬಸ್ ಸ್ಟ್ಯಾಂಡಿನಲ್ಲಿ ಶ್ರೀವಿದ್ಯಾ ಗಾಡಿಯಿಂದ ಇಳಿದಾಗ ಮೈಕು ಗುರುಗುಟ್ಟಿತು. ಈಗಿನ ಕಂಟ್ರೋಲರ್ ಇನಾಯತ, ಅಜ್ಜಪ್ಪನವರ ಕೈಕೆಳಗೆ ಕೆಲಸ ಕಲಿತವನು, ಎದ್ದು ಅವರಿಗೇ ತನ್ನ ಖುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಪ್ರಯಾಣಿಕರ ಗಮನಕ್ಕ. ರಹಿಮಾಬಿ ಅವರ ಅಂಗಡ್ಯಾಗ ಫೋನ್ ಐತಿ. ಗಾಡಿ ಟೈಮ್ ಎಲ್ಲಾರೂ ನೋಡ್ರಿ, ಪುಕಟ ನೋಡ್ರಿ. ಜಾಹೀರಾತ ಬೇಕಾದವರು ಅಷ್ಟ ಒತ್ರಿ. ಮರ್ಯಾದಿಗೆ ಯಾರೂ ಒತ್ತಬ್ಯಾಡ್ರಿ. ಮರ್ಯಾದಿ ಮುಟ್ಟೈತಿ."

ರಹಿಮಾಬಿ ಖಾರ ತೂಗುತ್ತಿದ್ದ ಕೈ ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸ್ ಸ್ಟ್ಯಾಂಡಿನ ಮಂದಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಶ್ರೀವಿದ್ಯಾಳ ಮನೆ ಅಲ್ಲಿಂದ ಐದು ನಿಮಿಷದ ದಾರಿ, ಆದರೂ ಅವಳು ಕಂಬದ ಹತ್ತಿರ ನಿಂತೇ ಇದ್ದಳು. ಮೈಕು ಒಂದು ಕ್ಷಣ ಸುಮ್ಮನಾಗಿ ಮತ್ತೆ ಮಾತಾಡಿತು.

"ಹುಬ್ಬಳ್ಳಿ ಆರೂಕಾಲ ಗಾಡಿ ಇವತ್ತ ಬರಂಗಿಲ್ಲ. ಹೋಗಲೇಬೇಕಾದವರು ಯಲವಿಗಿಗೆ ಹೋಗ್ರಿ."

ಕಾಲೇಜಿನ ಚೀಲ ಹೆಗಲಿಗೇರಿಸಿದ್ದ ಒಬ್ಬ ಹುಡುಗಿ ಯಾರನ್ನೂ ಮತ್ತೊಂದು ಮಾತು ಕೇಳದೆ ಹೊರಗಿನ ಟಂಟಂ ಕಡೆ ಓಡಿದಳು.